ಶ್ರೀಗಂಧಕ್ಕೊಂದು ಬಿಳಿಯ ಬಿರುದು

ಯಳಂದೂರು ತಾಲ್ಲೂಕಿನ ಅಗರ ಹೆಸರುವಾಸಿಯಾದ ಊರೇನಲ್ಲ. ಕೊಳ್ಳೇಗಾಲದ ರೇಷ್ಮೆಗೆ, ಯಳಂದೂರಿನ ಬಳೆಮಂಟಪಕ್ಕೆ, ಬೆಟ್ಟದ ಮೇಲಿನ ರಂಗನಾಥನಿಗೆ ಇರುವ ಖ್ಯಾತಿ ಅದಕ್ಕಿಲ್ಲ. ಆದರೂ ಶಬ್ದಗಳ ವಿಚಾರದಲ್ಲಿ ಕುತೂಹಲವುಳ್ಳವರು ಅಲ್ಲಿ ಒಂದು ಗಳಿಗೆ ನಿಂತು ಸುತ್ತಲೂ ನೋಡುವುದು ಒಳ್ಳೆಯದು. ಊರಿನ ಹೆಸರೇ ಮೊದಲ ಪಾಠ. ‘ಅಗ್ರಹಾರ’ವೆಂಬ ಸಂಸ್ಕೃತ ಶಬ್ದವು ಕನ್ನಡಿಗರ ನಾಲಗೆಯ ಮೇಲೆ ತಲೆಮಾರುಗಳ ಕಾಲ ಉರುಳಿ, ಹೊಳೆಯ ಕಲ್ಲಿನಂತೆ ಮೂಲೆಗಳು ಸವೆದು, ‘ಅಗರ’ವೆಂಬ ಮೂರಕ್ಷರವಾಗಿ ಉಳಿದಿದೆ. ಧೂಪಕ್ಕೆ ಬಳಸುವ ಅಗರುವಿಗೂ ಇದಕ್ಕೂ ನಂಟಿಲ್ಲ.

ಎರಡನೆಯ ಪಾಠ ಬಣ್ಣದ್ದು. ಬಯಲಿನ ಗದ್ದೆಯಲ್ಲಿ ಒಂಟಿಕಾಲಿನ ಮೇಲೆ ನಿಂತು ಮೀನಿಗಾಗಿ ತಪಸ್ಸು ಮಾಡುವ ಹಕ್ಕಿ ಬೆಳ್ಳಕ್ಕಿ. ದಿಗಂತದಲ್ಲಿ ನೀಲಿಯಾಗಿ ಕಂಡರೂ ಬಿಳಿಯ ಹೆಸರನ್ನೇ ಹೊತ್ತ ಬೆಟ್ಟ ಬಿಳಿಗಿರಿ. ಆ ಬೆಟ್ಟದ ಕಾಡಿನಲ್ಲಿ ಹುಟ್ಟಿ, ಮನೆಮನೆಯ ದೇವರ ಕೋಣೆಯಲ್ಲಿ ಸಾಣೆಕಲ್ಲಿನ ಪಕ್ಕದಲ್ಲಿ ಮಲಗುವ ಕೊರಡು ಶ್ರೀಗಂಧ. ಹಕ್ಕಿಗೂ ಬೆಟ್ಟಕ್ಕೂ ‘ಬಿಳಿ’ಯೆಂಬ ವಿಶೇಷಣವನ್ನು ಕೊಟ್ಟವರು ಕನ್ನಡಿಗರು. ಗಂಧಕ್ಕೂ ಅದೇ ವಿಶೇಷಣ ಉಂಟು. ಅದನ್ನು ಶಾಶ್ವತವಾಗಿ ತೊಡಿಸಿದವನು ಮಾತ್ರ ಬಿಳಿಗಿರಿಯನ್ನು ಕಂಡರಿಯದ ಸ್ವೀಡನ್ನಿನ ಪಂಡಿತ. 1753ರಲ್ಲಿ ಕಾರ್ಲ್ ಲಿನೇಯಸ್ ತನ್ನ ಸಸ್ಯಗಳ ಮಹಾಗ್ರಂಥದಲ್ಲಿ ಈ ಮರಕ್ಕೆ ‘ಸಾಂಟಲುಮ್ ಆಲ್ಬುಮ್’ ಎಂದು ಹೆಸರು ಬರೆದನು. ಲ್ಯಾಟಿನ್ ಭಾಷೆಯಲ್ಲಿ ಆಲ್ಬುಮ್ ಎಂದರೆ ‘ಬಿಳಿದು’.

ಗಂಧದ ಮರ ಬಿಳಿಯೆ? ತೊಗಟೆ ಕಂದು, ಎಲೆ ಹಸಿರು, ಹೂ ಅರಳುವಾಗ ಹಳದಿ, ಬಲಿತಂತೆ ಕೆನ್ನೀಲಿ, ಹಣ್ಣು ಕಪ್ಪು, ತೇಯ್ದ ಗಂಧದ ಬಣ್ಣ ಅರಸಿನದ ತಂಗಿಯಂತೆ. ಹಾಗಿರುವಾಗ ಈ ಬಿಳಿಯ ಬಿರುದು ಎಲ್ಲಿಂದ ಬಂತು? ಆ ಪ್ರಶ್ನೆಗೆ ಉತ್ತರ ಹುಡುಕ ಹೊರಟವರಿಗೆ ರೋಮಿನ ನ್ಯಾಯಸ್ಥಾನ, ಜರ್ಮನಿಯ ವಿದ್ಯಾರ್ಥಿಗಳು, ಅರಬ್ಬೀ ವರ್ತಕರ ಹಡಗು, ಯೂರೋಪಿನ ಔಷಧಿಯಂಗಡಿ ಇವೆಲ್ಲ ದಾರಿಯಲ್ಲಿ ಸಿಗುತ್ತವೆ. ಕೊನೆಗೆ ಕನ್ನಡ ವ್ಯಾಕರಣವೂ ಸಿಗುತ್ತದೆ.

ಒಂದು ಮಾತು, 13 ರೂಪ

ಲ್ಯಾಟಿನ್ನಿನ ವಿಶೇಷಣಕ್ಕೆ ಸ್ವಂತ ಲಿಂಗವಿಲ್ಲ. ತಾನು ಯಾವ ನಾಮಪದವನ್ನು ಆಶ್ರಯಿಸುತ್ತದೆಯೋ ಅದರ ಲಿಂಗವನ್ನೂ ವಚನವನ್ನೂ ವಿಭಕ್ತಿಯನ್ನೂ ಅದು ತಾಳುತ್ತದೆ. ಕುದುರೆ ಬಿಳಿಯದಾದರೆ ‘ಎಕ್ವುಸ್ ಆಲ್ಬುಸ್’. ಹಸು ಬಿಳಿಯದಾದರೆ ‘ವಾಕ್ಕ ಆಲ್ಬ’. ಮೊಟ್ಟೆ ಬಿಳಿಯದಾದರೆ ‘ಓವುಮ್ ಆಲ್ಬುಮ್’. ಪುಲ್ಲಿಂಗಕ್ಕೆ ಆಲ್ಬುಸ್, ಸ್ತ್ರೀಲಿಂಗಕ್ಕೆ ಆಲ್ಬ, ನಪುಂಸಕಕ್ಕೆ ಆಲ್ಬುಮ್. ಮೂರು ಲಿಂಗ, ಎರಡು ವಚನ, ಸಂಬೋಧನೆಯೂ ಸೇರಿ ಆರು ವಿಭಕ್ತಿ ಎಂದು ಲೆಕ್ಕ ಹಾಕಿದರೆ ಈ ಒಂದು ‘ಬಿಳಿ’ಗೆ 36 ಮನೆಗಳು. ಅದೃಷ್ಟವಶಾತ್ ಒಂದೇ ರೂಪ ಹಲವು ಮನೆಗಳಲ್ಲಿ ವಾಸಿಸುವುದರಿಂದ, ಬರವಣಿಗೆಯಲ್ಲಿ ವಿದ್ಯಾರ್ಥಿ ಕಲಿಯಬೇಕಾದ ರೂಪಗಳು 13 ಮಾತ್ರ.

ಸಂಸ್ಕೃತ ಪಾಠಶಾಲೆಯ ಮೆಟ್ಟಿಲು ಹತ್ತಿದವರಿಗೆ ಇದು ಅಪರಿಚಿತವಲ್ಲ. ಶ್ವೇತಃ, ಶ್ವೇತಾ, ಶ್ವೇತಮ್ ಎಂಬುದರ ಪಕ್ಕದಲ್ಲಿ ಆಲ್ಬುಸ್, ಆಲ್ಬ, ಆಲ್ಬುಮ್ ಎಂಬುದನ್ನಿಟ್ಟು ನೋಡಿದರೆ ಬಾಲಗಳು ಒಂದೇ ಮನೆತನದವೆಂದು ಗುರುತು ಹಿಡಿಯಲು ಪಾಂಡಿತ್ಯ ಬೇಕಿಲ್ಲ. ಹಳೆಯ ಲ್ಯಾಟಿನ್ನಿನಲ್ಲಿ ಆ ಪ್ರತ್ಯಯಗಳು ‘ಓಸ್’, ‘ಓಮ್’ ಎಂದೇ ಇದ್ದು, ಸಂಸ್ಕೃತದ ‘ಅಸ್’, ‘ಅಮ್’ಗಳಿಗೆ ಇನ್ನೂ ಹತ್ತಿರವಾಗಿದ್ದವು. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತನಾಡುತ್ತ ಸರ್ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ತಾಯಿಯ ಮಕ್ಕಳಾಗಿರಬೇಕೆಂದು ಸಾರಿದಾಗ ಆಧಾರವಾಗಿ ಹಿಡಿದದ್ದು ಧಾತುಗಳ ಜೊತೆಗೆ ಇಂತಹ ವ್ಯಾಕರಣದ ಹೋಲಿಕೆಯನ್ನೇ.

ರೋಮನ್ನರಿಗೆ ಬಿಳುಪು ಒಂದಲ್ಲ, ಎರಡು. ಹೊಳಪಿಲ್ಲದ ಬಿಳುಪು ಆಲ್ಬುಸ್. ಕಣ್ಣು ಕೋರೈಸುವ ಬಿಳುಪು ಕಾಂಡಿದುಸ್. ಮಹಾಕವಿ ವರ್ಜಿಲನ ಕಾವ್ಯಗಳಿಗೆ ಟೀಕೆ ಬರೆದ ಸೆರ್ವಿಯುಸ್ ಈ ಎರಡನ್ನೂ ಬೇರ್ಪಡಿಸಿ, ಕಾಂಡಿದುಸ್ ಎಂಬುದು ಕಾಂತಿಯಿಂದ ತೊಯ್ದ ಬಿಳುಪು, ಆಲ್ಬುಸ್ ಎಂಬುದು ಪೇಲವತೆಗೆ ಸಮೀಪವಾದ ಬಿಳುಪು ಎಂದು ವಿವರಿಸಿದ್ದಾನೆ. ಸುಣ್ಣದ ಗೋಡೆ ಆಲ್ಬುಸ್. ಹುಣ್ಣಿಮೆಯ ಬೆಳಕು ಕಾಂಡಿದುಸ್. ಈ ಎರಡನೆಯ ಮಾತು ಸಂಸ್ಕೃತದ ‘ಚಂದ್ರ’ನಿಗೆ ಒಡಹುಟ್ಟು ಎಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ರೋಮಿನಲ್ಲಿ ಅಧಿಕಾರದ ಸ್ಥಾನಕ್ಕೆ ಉಮೇದುವಾರನಾದವನು ತನ್ನ ನಿಲುವಂಗಿಗೆ ಸೀಮೆಸುಣ್ಣ ತಿಕ್ಕಿ ಥಳಥಳಿಸುವಂತೆ ಮಾಡಿಕೊಂಡು ಬೀದಿಗಿಳಿಯುತ್ತಿದ್ದನು. ಅದರಿಂದಲೇ ‘ಕ್ಯಾಂಡಿಡೇಟ್’ ಎಂಬ ಮಾತು ಹುಟ್ಟಿತು. ಚುನಾವಣೆ ಬಂದಾಗ ಬಿಳಿಯ ಬಟ್ಟೆ ಇಸ್ತ್ರಿಯಾಗುವುದು ಇಂದಿನ ಪದ್ಧತಿಯಷ್ಟೇ ಅಲ್ಲವೆಂದಾಯಿತು!

ಬಿಳಿಯ ಹಲಗೆಯಿಂದ ಮದುವೆಯ ಆಲ್ಬಮ್ಮಿಗೆ

ವಿಶೇಷಣವು ಕೆಲವೊಮ್ಮೆ ತನ್ನ ನಾಮಪದವನ್ನು ಬಿಟ್ಟು ತಾನೇ ಯಜಮಾನನಾಗುವುದುಂಟು. ‘ಹಿರಿಯ’ ಎಂಬ ವಿಶೇಷಣ ‘ಹಿರಿಯರು ಬಂದರು’ ಎಂಬಲ್ಲಿ ನಾಮಪದವಾಗುವಂತೆ, ಲ್ಯಾಟಿನ್ನಿನ ನಪುಂಸಕ ‘ಆಲ್ಬುಮ್’ ಒಂಟಿಯಾಗಿ ನಿಂತಾಗ ‘ಬಿಳಿಯ ವಸ್ತು’ ಎಂದರ್ಥವಾಯಿತು. ರೋಮಿನಲ್ಲಿ ಎಲ್ಲರೂ ನೋಡುತ್ತಿದ್ದ ಬಿಳಿಯ ವಸ್ತುವೊಂದಿತ್ತು. ಅದು ಸುಣ್ಣ ಬಳಿದು, ಕಪ್ಪಕ್ಷರದಲ್ಲಿ ಬರೆದು, ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ ಹಲಗೆ. ನ್ಯಾಯಾಧಿಪತಿಯಾದ ಪ್ರೇಟರ್ ತನ್ನ ಅಧಿಕಾರಾವಧಿಯಲ್ಲಿ ಯಾವ ನಿಯಮಗಳಂತೆ ನ್ಯಾಯ ನಡೆಸುವನೆಂಬುದನ್ನು ಅದರ ಮೇಲೆ ಪ್ರಕಟಿಸುತ್ತಿದ್ದನು. ಆ ಹಲಗೆಯ ಬರಹವನ್ನು ಬೇಕೆಂದು ಕೆಡಿಸಿದವನ ಮೇಲೆ ಮೊಕದ್ದಮೆ ಹೂಡಲು ಪ್ರತ್ಯೇಕ ವಿಧಿಯೇ ಇತ್ತು. ಸೆನೆಟ್ಟಿನ ಸದಸ್ಯರ ಪಟ್ಟಿಗೂ ಕಾಲಕ್ರಮದಲ್ಲಿ ‘ಆಲ್ಬುಮ್’ ಎಂದೇ ಹೆಸರಾಯಿತು. ಬಿಳುಪಿನ ಅರ್ಥ ಹಿಂದೆ ಸರಿದು, ‘ಪಟ್ಟಿ’ಯ ಅರ್ಥ ಮುಂದೆ ಬಂತು.

ರೋಮು ಅಳಿದರೂ ವಿದ್ವಾಂಸರ ಬಾಯಲ್ಲಿ ಲ್ಯಾಟಿನ್ ಉಳಿಯಿತು. 16ನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಖಾಲಿ ಹಾಳೆಯ ಪುಸ್ತಕವೊಂದನ್ನು ಇಟ್ಟುಕೊಂಡು ಗುರುಗಳಿಂದಲೂ ಗೆಳೆಯರಿಂದಲೂ ಹಸ್ತಾಕ್ಷರ, ಹಿತವಚನ, ಚಿತ್ರಗಳನ್ನು ಬರೆಸಿಕೊಳ್ಳತೊಡಗಿದರು. ಅದಕ್ಕೆ ‘ಗೆಳೆಯರ ಆಲ್ಬುಮ್’ ಎಂದು ಹೆಸರು. ಬಿಳಿಯ ಹಲಗೆ ಹೀಗೆ ಬಿಳಿಯ ಹಾಳೆಯಾಯಿತು. 19ನೆಯ ಶತಮಾನದಲ್ಲಿ ಛಾಯಾಚಿತ್ರ ಬಂದಾಗ, ಚಿತ್ರಗಳನ್ನು ಅಂಟಿಸಿಡುವ ಪುಸ್ತಕಕ್ಕೂ ಅದೇ ಹೆಸರು ನಿಂತಿತು.

ಇಲ್ಲೊಂದು ಸೋಜಿಗವುಂಟು. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಎಂಬಾತನು ಕಾಗದಕ್ಕೆ ಮೊಟ್ಟೆಯ ಬಿಳಿಯ ಲೋಳೆಯನ್ನು ಲೇಪಿಸಿ ಅದರ ಮೇಲೆ ಫೋಟೋ ಮೂಡಿಸುವ ಕ್ರಮವನ್ನು ಪ್ರಚುರಪಡಿಸಿದನು. ಆ ಲೋಳೆಗೆ ಲ್ಯಾಟಿನ್ ಹೆಸರು ‘ಆಲ್ಬುಮೆನ್’. ಅದೂ ಆಲ್ಬುಸ್‌ನ ಸಂತತಿಯೇ. ಅಂದರೆ ಅಜ್ಜ ಅಜ್ಜಿಯರ ಕಾಲದ ಆ ಕಂದು ಬಣ್ಣದ ಚಿತ್ರಗಳಲ್ಲಿ ಎಷ್ಟೋ ‘ಬಿಳಿ’ಯ ಮೇಲೆ ಮೂಡಿ ‘ಬಿಳಿ’ಯೊಳಗೆ ಅಂಟಿಕೊಂಡವು! ವೈದ್ಯರು ಮೂತ್ರಪರೀಕ್ಷೆಯ ಚೀಟಿಯಲ್ಲಿ ‘ಆಲ್ಬುಮಿನ್’ ಎಂದು ಬರೆದಾಗಲೂ ರೋಮಿನ ಆ ಹಳೆಯ ವಿಶೇಷಣವೇ ಇಣುಕುತ್ತದೆ. ಗ್ರಾಮಫೋನಿನ ದಿನಗಳಲ್ಲಿ ಹಲವು ತಟ್ಟೆಗಳನ್ನು ಪುಸ್ತಕದಂತಹ ಕೋಶದಲ್ಲಿ ಜೋಡಿಸಿ ಮಾರುತ್ತಿದ್ದುದರಿಂದ ಹಾಡುಗಳ ಗುಚ್ಛವೂ ಆಲ್ಬಮ್ ಆಯಿತು. ಇಂದು ತಟ್ಟೆಯೂ ಇಲ್ಲ, ಹಾಳೆಯೂ ಇಲ್ಲ. ಮದುವೆಯ ಚಿತ್ರಗಳು ಕೈಯೊಳಗಿನ ಫೋನಿನಲ್ಲಿ ಅಡಗಿವೆ. ಆದರೆ ಅಲ್ಲಿಯೂ ಅವುಗಳ ಮನೆಯ ಹೆಸರು ಆಲ್ಬಮ್ಮೇ.

ಚಂದನದ ಹೊರನಾಡ ಪ್ರವಾಸ

ಗಂಧದ ಹೆಸರಿನ ಎರಡನೆಯ ಭಾಗ ರೋಮಿನದಾದರೆ, ಮೊದಲನೆಯ ಭಾಗ ಭಾರತದಿಂದಲೇ ಹೊರಟದ್ದು. ಸಂಸ್ಕೃತದ ‘ಚಂದನ’ವು ಸರಕಿನೊಡನೆ ಹಡಗು ಹತ್ತಿತು. 6ನೆಯ ಶತಮಾನದ ಗ್ರೀಕ್ ವರ್ತಕ ಕಾಸ್ಮಸ್ ಸಿಂಹಳಕ್ಕೆ ಬರುತ್ತಿದ್ದ ಪೂರ್ವದೇಶದ ಸರಕುಗಳಲ್ಲಿ ‘ತ್ಸಂದನ’ವನ್ನು ಹೆಸರಿಸುತ್ತಾನೆ. ಅರಬ್ಬರ ಬಾಯಲ್ಲಿ ಅದು ‘ಸಂದಲ್’ ಆಯಿತು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಸಾಂಟಲುಮ್’ ಎಂದು ನಪುಂಸಕಲಿಂಗದ ಬಾಲವನ್ನು ತೊಟ್ಟಿತು. ಅಗ್ರಹಾರ ಅಗರವಾದಂತೆಯೇ ಇದೂ ಆಯಿತು. ದಾರಿ ಮಾತ್ರ ಉದ್ದ.

ಆ ಚಂದನವಾದರೂ ಮೊದಲಿಗೆ ಎಲ್ಲಿಯದು? ದ್ರಾವಿಡ ಭಾಷೆಗಳಲ್ಲಿ ಪೂಸು, ಲೇಪಿಸು ಎಂಬರ್ಥದ ಮಾತುಗಳ ಗುಂಪೊಂದುಂಟು. ತಮಿಳಿನ ‘ಚಾಂದು’, ಕನ್ನಡದ ‘ಸಾದು’ ಎಂಬ ಸುಗಂಧಲೇಪನದ ಹೆಸರುಗಳು ಅದಕ್ಕೆ ಸೇರುತ್ತವೆ. ಸಂಸ್ಕೃತದ ಚಂದನವು ಈ ಗುಂಪಿನಿಂದಲೇ ಹೋದದ್ದೆಂದು ಕೆಲವು ಭಾಷಾಶಾಸ್ತ್ರಜ್ಞರು ಊಹಿಸಿದ್ದಾರೆ. ಆ ಊಹೆ ನಿಜವಾದರೆ, ಲಿನೇಯಸನ ಗ್ರಂಥದಲ್ಲಿ ಲ್ಯಾಟಿನ್ ವೇಷ ಧರಿಸಿ ಕುಳಿತಿರುವ ಮಾತು ದಕ್ಷಿಣದೇಶದ ಹಣೆಯ ಮೇಲಿನ ಗಂಧದಿಂದಲೇ ಹೊರಟದ್ದೆನ್ನಬೇಕು.

ಸರಿ, ಬಿಳಿಯೇಕೆ? ಉತ್ತರವಿರುವುದು ಕಾಡಿನಲ್ಲಲ್ಲ, ಅಂಗಡಿಯಲ್ಲಿ. ಯೂರೋಪಿನ ಔಷಧಿ ವ್ಯಾಪಾರಿಗಳಿಗೆ ಮರ ಕಾಣುತ್ತಿರಲಿಲ್ಲ. ತುಂಡುಗಳು ಮಾತ್ರ ಬರುತ್ತಿದ್ದವು. ಅವರು ಆ ತುಂಡುಗಳನ್ನು ಬಣ್ಣದಿಂದ ವಿಂಗಡಿಸಿದರು: ಬಿಳಿಯ ಗಂಧ, ಹಳದಿ ಗಂಧ, ಕೆಂಪು ಗಂಧ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ವೈದ್ಯ ಗಾರ್ಸಿಯಾ ದ ಓರ್ತನ ಸಂವಾದರೂಪದ ಗ್ರಂಥದಲ್ಲಿ ಗಂಧಕ್ಕೇ ಮೀಸಲಾದ ಸಂವಾದವೊಂದಿದೆ. ಈ ಬಣ್ಣಗಳ ಚರ್ಚೆ ಅಲ್ಲಿಯೂ ನಡೆದಿದೆ. ವಾಸ್ತವದಲ್ಲಿ ಬಿಳಿಯದೂ ಹಳದಿಯೂ ಒಂದೇ ಮರದವು. ಗಂಧದ ಕಾಂಡವನ್ನು ಅಡ್ಡ ಕೊಯ್ದು ನೋಡಿದರೆ ಹೊರಗೆ ಬಿಳಿಯ ಪದರ, ಒಳಗೆ ಹಳದಿಗಂದು ಬಣ್ಣದ ಚೇಗು. ಕೆಂಪು ಮಾತ್ರ ಬೇರೆಯೇ ಮರ, ರಕ್ತಚಂದನ. ಸಂಸ್ಕೃತದಲ್ಲಿಯೂ ರಕ್ತಚಂದನದೆದುರಿಗೆ ‘ಶ್ವೇತಚಂದನ’ವೆಂಬ ಹೆಸರು ಬಳಕೆಯಲ್ಲುಂಟು. ಹೀಗೆ ಪೇಟೆಯಲ್ಲಿ ಬಳಕೆಯಾಗುತ್ತಿದ್ದ ‘ಆಲ್ಬುಮ್’ ಎಂಬ ಮಾತನ್ನೇ ಲಿನೇಯಸ್ ಮರಕ್ಕೆ ಸ್ಥಿರಪಡಿಸಿದನು.

ಇದರಲ್ಲೊಂದು ವ್ಯಂಗ್ಯ ಅಡಗಿದೆ. ಪರಿಮಳವಿರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಬಿಳಿಯ ಪದರಕ್ಕೆ ವಾಸನೆಯೇ ಇಲ್ಲ. ಕುಶಲಕರ್ಮಿ ಮೊದಲು ಮಾಡುವ ಕೆಲಸ ಆ ಬಿಳಿಯನ್ನು ಕೆತ್ತಿ ತೆಗೆಯುವುದು. ಲೋಕವೆಲ್ಲ ಮೆಚ್ಚಿದ ಮರಕ್ಕೆ ಅದರ ನಿರ್ಗಂಧವಾದ ಭಾಗದ ಹೆಸರು ಅಂಟಿತು! ಕನ್ನಡಿಗರು ‘ಶ್ರೀಗಂಧ’ವೆಂದು ಕರೆಯುವಾಗ ಮೂಗಿನ ಸಾಕ್ಷಿಯನ್ನು ನಂಬಿದರು, ವಿಜ್ಞಾನದ ಹೆಸರು ಕಣ್ಣಿನ ಸಾಕ್ಷಿಯನ್ನು ನಂಬಿತು.

‘ಉಸ್’ ತೊಟ್ಟ ಹೆಣ್ಣುಮರಗಳು

ವಿಜ್ಞಾನದ ಹೆಸರಿನಲ್ಲಿ ಎರಡು ಮಾತು. ಮೊದಲನೆಯದು ಕುಲದ ಹೆಸರು, ನಾಮಪದ. ಎರಡನೆಯದು ವಿಶೇಷಣವಾಗಿದ್ದರೆ ಮೊದಲನೆಯದರ ಲಿಂಗವನ್ನು ಅನುಸರಿಸಲೇಬೇಕು. ಇದು ಅಂತರರಾಷ್ಟ್ರೀಯ ನಿಯಮ. ಅಡಿಗೆಮನೆಯಿಂದಲೇ ಉದಾಹರಣೆ ಕೊಡಬಹುದು. ಮೂರಕ್ಕೂ ‘ಭಾರತದ’ ಎಂಬ ವಿಶೇಷಣವೇ ಇದ್ದರೂ ಎಳ್ಳು ‘ಸೆಸಮುಮ್ ಇಂಡಿಕುಮ್’, ಮಾವು ‘ಮಾಂಜಿಫೆರ ಇಂಡಿಕ’, ಸೊಗದೆ ಬೇರು ‘ಹೆಮಿಡೆಸ್ಮುಸ್ ಇಂಡಿಕುಸ್’. ನಪುಂಸಕ, ಸ್ತ್ರೀ, ಪುರುಷ — ಮೂರು ಲಿಂಗವೂ ಸಾಲಾಗಿ ನಿಂತಿವೆ.

ಆದರೆ ಬಾಲ ನೋಡಿ ಲಿಂಗ ಹೇಳಲು ಹೋದವರು ಕೆಲವೊಮ್ಮೆ ಮೋಸಹೋಗುತ್ತಾರೆ. ರೇಷ್ಮೆಯ ನಾಡಾದ ಕೊಳ್ಳೇಗಾಲದ ಸೀಮೆಯಲ್ಲಿ ಹಿಪ್ಪುನೇರಳೆಯನ್ನು ಬಲ್ಲದವರಿಲ್ಲ. ಅದರ ಬಿಳಿಯ ಹಣ್ಣಿನ ಜಾತಿಗೆ ಲಿನೇಯಸ್ ಇಟ್ಟ ಹೆಸರು ‘ಮೋರುಸ್ ಆಲ್ಬ’. ಮೋರುಸ್ ಎಂಬುದು ‘ಉಸ್’ ಎಂದು ಮುಗಿಯುವುದರಿಂದ ‘ಆಲ್ಬುಸ್’ ಎಂದಿರಬೇಕಲ್ಲವೆ? ಇಲ್ಲ. ಲ್ಯಾಟಿನ್ನಿನಲ್ಲಿ ಮರಗಳ ಹೆಸರುಗಳು, ತೊಟ್ಟ ಬಾಲ ಗಂಡಿನದಾದರೂ, ಸಾಮಾನ್ಯವಾಗಿ ಸ್ತ್ರೀಲಿಂಗ. ಊರ ಮುಂದಿನ ಕಟ್ಟೆಯ ಅರಳಿಮರವೂ ‘ಫೀಕುಸ್ ರೆಲಿಜಿಯೋಸ’ ಆಗುವುದು ಇದೇ ಕಾರಣದಿಂದ. ಪ್ರದಕ್ಷಿಣೆ ಹಾಕುವ ಮುತ್ತೈದೆಯರು ಅಶ್ವತ್ಥ ‘ನಾರಾಯಣ’ನೆಂದು ಕೈಮುಗಿಯುವ ಮರ ಲ್ಯಾಟಿನ್ನಿನಲ್ಲಿ ಹೆಣ್ಣು! ಇನ್ನು ಹಿಪ್ಪುನೇರಳೆಯ ಸೊಪ್ಪು ತಿಂದು ನೂಲು ಕೊಡುವ ಹುಳುವಿನ ಹೆಸರು ‘ಬೊಂಬಿಕ್ಸ್ ಮೋರಿ’. ಇಲ್ಲಿ ‘ಮೋರಿ’ ವಿಶೇಷಣವಲ್ಲ, ಷಷ್ಠೀವಿಭಕ್ತಿ: ‘ಹಿಪ್ಪುನೇರಳೆಯ’ ಹುಳು. ಒಂದು ಸೀರೆಯ ಹಿಂದೆ ಎರಡು ವ್ಯಾಕರಣಸೂತ್ರಗಳು.

ಗದ್ದೆಯ ಬೆಳ್ಳಕ್ಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ 1758ರಲ್ಲಿ ಲಿನೇಯಸ್ ‘ಆರ್ಡಿಯ ಆಲ್ಬ’ ಎಂದು ಹೆಸರಿಟ್ಟನು. ಮುಂದೆ ಬಂದ ಪಕ್ಷಿಶಾಸ್ತ್ರಜ್ಞರಲ್ಲಿ ಕೆಲವರು ಅದನ್ನು ಎಗ್ರೆಟ್ಟ ಕುಲಕ್ಕೆ ಸೇರಿಸಿದರು. ಆ ಕುಲವೂ ಸ್ತ್ರೀಲಿಂಗವಾದ್ದರಿಂದ ಆಲ್ಬ ಉಳಿಯಿತು. ಇನ್ನು ಕೆಲವರು ಕಾಸ್ಮೆರೋಡಿಯುಸ್ ಎಂಬ ಪುಲ್ಲಿಂಗದ ಕುಲಕ್ಕೆ ಸೇರಿಸಿದೊಡನೆ ಹಕ್ಕಿ ‘ಆಲ್ಬುಸ್’ ಆಯಿತು. ಈಗ ಮತ್ತೆ ಆರ್ಡಿಯಕ್ಕೆ ಮರಳಿ ‘ಆಲ್ಬ’ ಆಗಿದೆ. ಪುಸ್ತಕದಲ್ಲಿ ಇಷ್ಟೆಲ್ಲ ಲಿಂಗಪರಿವರ್ತನೆ ನಡೆಯುತ್ತಿದ್ದಾಗ ಹಕ್ಕಿ ಒಂದು ಗರಿಯನ್ನೂ ಕದಲಿಸದೆ ಮೀನು ಹಿಡಿಯುತ್ತಿತ್ತು.

ಕನ್ನಡದ ಬಿಳಿ

ಕನ್ನಡದ ವಿಶೇಷಣ ಈ ತೊಡಕಿಗೆ ಸಿಕ್ಕಿಕೊಳ್ಳಲಿಲ್ಲ. ಬಿಳಿ ಕುದುರೆ, ಬಿಳಿ ಹಸುಗಳು, ಬಿಳಿ ಬಟ್ಟೆಯಿಂದ, ಬಿಳಿ ಗೋಡೆಯ ಮೇಲೆ — ಲಿಂಗ ಬದಲಾಗಲಿ, ವಚನ ಬದಲಾಗಲಿ, ವಿಭಕ್ತಿ ಬದಲಾಗಲಿ, ನಾಮಪದದ ಮುಂದೆ ನಿಂತ ‘ಬಿಳಿ’ ಮಿಸುಕುವುದಿಲ್ಲ. ಲ್ಯಾಟಿನ್ ವಿದ್ಯಾರ್ಥಿಗೆ 13 ರೂಪಗಳ ಬಾಯಿಪಾಠ. ಕನ್ನಡದ ಮಗುವಿಗೆ ಒಂದೇ ಮಾತು.

ಹಾಗೆಂದು ಕನ್ನಡಕ್ಕೆ ಆ ಮೂರರ ಅರಿವೇ ಇಲ್ಲವೆನ್ನಲಾಗದು. ಗುಣವಾಚಕವು ನಾಮಪದವನ್ನು ಬಿಟ್ಟು ಒಂಟಿಯಾಗಿ ನಿಂತಾಗ ‘ಬಿಳಿಯನು, ಬಿಳಿಯಳು, ಬಿಳಿದು’ ಎಂದು ಮೂರು ದಾರಿಯಾಗುತ್ತದೆ. ಅದೇ ಆಲ್ಬುಸ್, ಆಲ್ಬ, ಆಲ್ಬುಮ್. ವ್ಯತ್ಯಾಸವಿಷ್ಟೆ: ಲ್ಯಾಟಿನ್ನಿನಲ್ಲಿ ಲಿಂಗ ಮಾತಿಗೆ ಅಂಟಿಕೊಂಡದ್ದು, ಕನ್ನಡದಲ್ಲಿ ಅರ್ಥಕ್ಕೆ ಅಂಟಿಕೊಂಡದ್ದು. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮರವೂ ಕಲ್ಲೂ ಹಕ್ಕಿಯೂ ನಪುಂಸಕ. ಅರಳಿಮರ ಹೆಣ್ಣೋ ಗಂಡೋ ಎಂದು ಕನ್ನಡಿಗ ನಿಘಂಟು ತೆರೆಯಬೇಕಿಲ್ಲ.

ಶಾಲೆಯಲ್ಲಿ ಕರ್ಮಧಾರಯ ಸಮಾಸ ಕಲಿತವರಿಗೆ ‘ಬೆಳ್ಗೊಡೆ’ಯ ನೆನಪಿರಬಹುದು. ಉಪಾಧ್ಯಾಯರು ಅದನ್ನು ‘ಬಿಳಿದು + ಕೊಡೆ’ ಎಂದು ಬಿಡಿಸಿ ತೋರಿಸುತ್ತಿದ್ದರು. ಬಿಡಿಸಿದಾಗ ಕಾಣುವ ಆ ‘ಬಿಳಿದು’ ಲ್ಯಾಟಿನ್ನಿನ ‘ಆಲ್ಬುಮ್’ಗೆ ಸರಿಸಮ, ಅದೇ ಲಿಂಗ, ಅದೇ ವಚನ, ಅದೇ ಅರ್ಥ. ಆದರೆ ಸಮಾಸವಾಗುವಾಗ ಕನ್ನಡವು ಲಿಂಗದ ಗುರುತನ್ನು ಕಳಚಿಟ್ಟು ‘ಬೆಳ್’ ಎಂಬ ಬೀಜವನ್ನಷ್ಟೇ ಉಳಿಸಿಕೊಳ್ಳುತ್ತದೆ. ಆ ಬೀಜದಿಂದ ಮೊಳೆತ ಬಳಗ ಎಷ್ಟು ದೊಡ್ಡದು! ಬೆಳ್ಳಿ, ಬೆಳ್ದಿಂಗಳು, ಬೆಳ್ಳುಳ್ಳಿ, ಬೆಳ್ಳಕ್ಕಿ, ಬೆಳಕು, ಬೆಳಗು. ರೋಮನ್ನರು ಹೊಳಪಿಲ್ಲದ್ದಕ್ಕೊಂದು, ಹೊಳಪುಳ್ಳದ್ದಕ್ಕೊಂದು ಎಂದು ಎರಡು ಮಾತಿಟ್ಟುಕೊಂಡರೆ, ಕನ್ನಡ ಒಂದೇ ಬೇರಿನಿಂದ ಬಣ್ಣವನ್ನೂ ಬೆಳಕನ್ನೂ ಬೆಳೆಸಿತು. ಕೇಶಿರಾಜನಿಂದ ಮೊದಲ್ಗೊಂಡು ವೈಯಾಕರಣರು ಸಂಸ್ಕೃತದ ಚೌಕಟ್ಟಿನಲ್ಲಿ ಕನ್ನಡವನ್ನು ವಿವರಿಸಿದರು. ಕನ್ನಡದ ಪದಗಳನ್ನು ಅವುಗಳ ನಡತೆಯಿಂದಲೇ ಅರಿಯಬೇಕೆಂದು ಇತ್ತೀಚಿನ ಕಾಲದಲ್ಲಿ ಒತ್ತಿಹೇಳಿದವರು ಡಿ. ಎನ್. ಶಂಕರ ಭಟ್ಟರು, ಲೋಕದ ಭಾಷೆಗಳಲ್ಲಿ ವಿಶೇಷಣವೆಂಬ ವರ್ಗವೊಂದನ್ನೇ ಕುರಿತು 1994ರಲ್ಲಿ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು.

ಊರುಗಳ ಹೆಸರಿನಲ್ಲಿಯೂ ಈ ‘ಬಿಳಿ’ ಎರಡು ವೇಷ ಹಾಕುತ್ತದೆ. ಶ್ರವಣಬೆಳಗೊಳದಲ್ಲಿರುವುದು ‘ಬೆಳ್-ಕೊಳ’, ಬಿಳಿಯ ಕೊಳ. ಸಂಸ್ಕೃತದಲ್ಲಿ ಅದು ಧವಳಸರೋವರ. ಬಿಳಿಗಿರಿ ಸಂಸ್ಕೃತದಲ್ಲಿ ಶ್ವೇತಾದ್ರಿ. ಬೆಟ್ಟದ ನೆತ್ತಿಯ ಬೆಳ್ಳನೆಯ ಬಂಡೆಯಿಂದ ಆ ಹೆಸರು ಬಂತೆನ್ನುವವರುಂಟು. ಶಿಖರವನ್ನು ಮುಸುಕುವ ಬಿಳಿಯ ಮಂಜಿನಿಂದ ಬಂತೆನ್ನುವವರೂ ಉಂಟು. ಹೊಳಪುಳ್ಳದ್ದೂ ಇಲ್ಲದ್ದೂ ಎಂಬ ರೋಮನ್ನರ ಭೇದದಂತೆ ನೋಡಿದರೆ, ಬಂಡೆ ಆಲ್ಬುಸ್. ಬಿಸಿಲು ತಾಕಿದ ಮಂಜು ಕಾಂಡಿದುಸ್.

ಹೆಸರಿಗೆ ಬಂದ ಬೆಲೆ

ಇಷ್ಟೆಲ್ಲ ಶಬ್ದವಿಚಾರದಿಂದ ಪ್ರಯೋಜನವೇನೆಂದು ಕೇಳುವವರಿಗೆ ಗಂಧದ ಮರವೇ ಉತ್ತರ ಹೇಳುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಒಡೆಯರ ಕಾಲದಲ್ಲಿಯೂ ಅದು ಸರಕಾರದ ಸ್ವತ್ತಾಗಿಯೇ ಉಳಿದು, 1916ರಲ್ಲಿ ಮೈಸೂರು ಸಂಸ್ಥಾನವು ಗಂಧದೆಣ್ಣೆಯನ್ನು ತಾನೇ ಬಟ್ಟಿ ಇಳಿಸತೊಡಗಿತು. ರೈತನ ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಅವನದಾಗಿರಲಿಲ್ಲ; ಕರ್ನಾಟಕದಲ್ಲಿ ಆ ಹಕ್ಕು ಭೂಮಿಯ ಒಡೆಯನಿಗೆ ದೊರೆತದ್ದು ಅರಣ್ಯ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯಿಂದ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಯಳಂದೂರು ಮೈಸೂರಿನದು, ಪಕ್ಕದ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯದು. ಕಾಡು ಒಂದೇ, ಸರಕಾರಗಳೆರಡು. ಮರದ ಲ್ಯಾಟಿನ್ ಹೆಸರು ಮಾತ್ರ ಗಡಿಯ ಎರಡು ಕಡೆಯೂ ಒಂದೇ.

ಈ ಮರದ ಬೆಲೆಯನ್ನು ಆ ಕಾಡು ರಕ್ತದಲ್ಲಿಯೂ ತೆತ್ತಿದೆ. ಇಂದು ಹನೂರು ತಾಲ್ಲೂಕಿಗೆ ಸೇರಿದ ಗೋಪಿನಾಥಂ ಗ್ರಾಮದಲ್ಲಿ ಹುಟ್ಟಿದ ವೀರಪ್ಪನ್ ಗಂಧವನ್ನೂ ದಂತವನ್ನೂ ಕದ್ದು ಸಾಗಿಸುತ್ತ ವರ್ಷಗಟ್ಟಲೆ ಆ ಸೀಮೆಯನ್ನು ನಡುಗಿಸಿದನು. ಅವನನ್ನು ಶರಣಾಗತನಾಗುವಂತೆ ಒಲಿಸಲು ನಿರಾಯುಧರಾಗಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಹತರಾದರು. ಕಾಡುಗಳ್ಳನ ಕಥೆ 2004ರಲ್ಲಿ ಮುಗಿಯಿತು. ಆದರೆ ಕಾಡಿನ ಗಂಧ ಹಿಂದಿನಂತೆ ತುಂಬಿಕೊಂಡಿಲ್ಲ. ಅಳಿವಿನ ಅಪಾಯದ ಪಟ್ಟಿಯಲ್ಲಿ ‘ಸಾಂಟಲುಮ್ ಆಲ್ಬುಮ್’ ಹೆಸರು ಸೇರಿದೆ.

ಇಂತಹ ಪಟ್ಟಿಯಲ್ಲಾಗಲಿ, ಎಣ್ಣೆಯ ಗುಣಮಟ್ಟವನ್ನು ನಿಗದಿಪಡಿಸುವ ಅಂತರರಾಷ್ಟ್ರೀಯ ಮಾನಕದಲ್ಲಾಗಲಿ ತೀರ್ಪು ನಿಲ್ಲುವುದು ಹೆಸರಿನ ಎರಡನೆಯ ಮಾತಿನ ಮೇಲೆ. ‘ಗಂಧದೆಣ್ಣೆ’ ಎಂದಷ್ಟೇ ಬರೆದ ಸೀಸೆ ಏನನ್ನೂ ಖಚಿತಪಡಿಸುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಬೆಳೆಯುವ ಗಂಧವೂ ಸಾಂಟಲುಮ್ ಕುಲದ್ದೇ; ಆದರೆ ಅದು ‘ಸ್ಪಿಕಾಟುಮ್’, ತೆನೆಯುಳ್ಳದ್ದು. ಪರಿಮಳಕ್ಕೆ ಮೂಲವಾದ ಸಾಂಟಲಾಲ್ ಅದರ ಎಣ್ಣೆಯಲ್ಲಿ ಕಡಿಮೆ. ರಕ್ತಚಂದನವಂತೂ ಅವರೆ, ಹೊಂಗೆಗಳ ವಂಶಕ್ಕೆ ಸೇರಿದ ಮರ. ಅದರ ಹೆಸರು ‘ಟೆರೊಕಾರ್ಪುಸ್ ಸಾಂಟಲಿನುಸ್’. ಇಲ್ಲಿ ವ್ಯಾಕರಣದ ಸೂಕ್ಷ್ಮವನ್ನು ಗಮನಿಸಬೇಕು. ಶ್ರೀಗಂಧದಲ್ಲಿ ‘ಸಾಂಟಲುಮ್’ ನಾಮಪದ; ರಕ್ತಚಂದನದಲ್ಲಿ ‘ಸಾಂಟಲಿನುಸ್’ ವಿಶೇಷಣ, ‘ಗಂಧದಂಥದ್ದು’ ಎಂದು ಅರ್ಥ. ಒಂದು ತಾನೇ ಗಂಧ. ಇನ್ನೊಂದು ಗಂಧದ ಹೋಲಿಕೆ ಮಾತ್ರ. ಎರಡನ್ನೂ ಬಾಯಿಮಾತಿನಲ್ಲಿ ಚಂದನವೆಂದು ಕರೆದಾಗ ಮರೆಯಾಗುವ ಸತ್ಯವನ್ನು ಒಂದು ಪ್ರತ್ಯಯ ಕಾಪಾಡಿಕೊಂಡಿದೆ.

ವಿಶೇಷಣವನ್ನು ಮಾತಿನ ಒಡವೆಯೆಂದು ಭಾವಿಸುವವರು ಹಲವರು. ತೆಗೆದಿಟ್ಟರೂ ನಡೆಯುತ್ತದೆ, ತೊಟ್ಟರೆ ಚೆಂದ ಎಂಬಂತೆ. ಗಂಧದ ಮರದ ವಿಷಯದಲ್ಲಿ ಅದು ಒಡವೆಯಲ್ಲ, ಗುರುತಿನ ಮಚ್ಚೆ. ಅದನ್ನು ತೆಗೆದರೆ ಮರವೇ ಬೇರೆಯಾಗುತ್ತದೆ, ಬೆಲೆಯೂ ಬೇರೆಯಾಗುತ್ತದೆ. ಸುಣ್ಣ ಬಳಿದ ಹಲಗೆಯ ಮೇಲಿನ ಅಕ್ಷರವನ್ನು ಕೆಡಿಸಿದವನನ್ನು ರೋಮಿನವರು ನ್ಯಾಯಸ್ಥಾನಕ್ಕೆ ಎಳೆದದ್ದು ಸುಮ್ಮನೆ ಅಲ್ಲ.

ಬೆಳಗಿನ ಪೂಜೆಯ ಹೊತ್ತಿಗೆ ಅಗರದ ಯಾವುದಾದರೊಂದು ಮನೆಯಲ್ಲಿ ಸಾಣೆಕಲ್ಲಿನ ಮೇಲೆ ಕೊರಡು ತಿರುಗುತ್ತಿರುತ್ತದೆ. ತೇಯುವ ಕೈಗೆ ಲಿನೇಯಸನ ಹೆಸರು ಬೇಕಿಲ್ಲ; ಪ್ರೇಟರನ ಹಲಗೆಯ ಸುದ್ದಿಯೂ ಬೇಕಿಲ್ಲ. ಗಂಧದ ಬಟ್ಟಲಿಗೆ ಇಳಿಯುವುದು ಹಳದಿಗಂದು ಬಣ್ಣದ ಚೇಗಿನ ಪರಿಮಳ. ಹೆಸರಿನ ಬಿಳಿ ಎಂದೋ ಕೆತ್ತಿ ತೆಗೆದ ಹೊರಪದರದಲ್ಲಿ ಹೋಯಿತು. ಆದರೆ ಅದೇ ಮನೆಯ ಗೋಡೆಯ ಬೀರುವಿನಲ್ಲಿ, ಮದುವೆಯ ಚಿತ್ರಗಳನ್ನು ಹೊತ್ತ ಹಳೆಯ ಪುಸ್ತಕವೊಂದು ಆ ಮರದ ಬಿಳಿಯ ಬಿರುದನ್ನೇ ತನ್ನ ಹೆಸರಾಗಿ ಇಟ್ಟುಕೊಂಡು ಕುಳಿತಿರುತ್ತದೆ.